ಹರಕತ್ ಇಲ್ಲ ಎಂದ ತಪ್ಪಿಗೆ

ನನ್ನ ಬಾಯಿಗೆ ಒಂದು ಚಾಳಿ ಅಂಟಿಕೊಂಡಿದೆ. ಯಾರು ಏನೇ ಕೇಳಲಿ, ಅವರ ಮಾತು ಮುಗಿಯುವ ಮೊದಲೇ "ಹರಕತ್ ಇಲ್ಲ ಬಿಡ್ರಿ" ಎಂದುಬಿಡುತ್ತೇನೆ. ಕೆಲಸದ ಮಾವಶಿ ನಾಳೆ ಬರುವುದಿಲ್ಲ ಎಂದರೂ ಹರಕತ್ ಇಲ್ಲ, ಇಸ್ತ್ರಿಯವನು ಸೀರೆಗೆ ಕಂದು ಕಲೆ ಮಾಡಿ ತಂದರೂ ಹರಕತ್ ಇಲ್ಲ. ಒಂದು ಮದುವೆಯ ಪಂಕ್ತಿಯಲ್ಲಿ ಬಡಿಸುವವನು ಬಿಸಿ ಕಟ್ಟಿನ ಸಾರನ್ನು ನನ್ನ ಮಡಿಲಿಗೇ ಸುರಿದಾಗ ನಾನು ಕುಣಿಯುತ್ತ ಎದ್ದು ನಿಂತು ಹೇಳಿದ್ದೂ ಅದನ್ನೇ. ಪಕ್ಕದಲ್ಲಿ ಕೂತಿದ್ದ ನಮ್ಮವರು, "ಹರಕತ್ ಇಲ್ಲಂದ್ರ ಯಾಕ ಕುಣಿಯಾಕತ್ತಿ, ಕೂಡು" ಎಂದರು.

ಮೈಸೂರು, ಬೆಂಗಳೂರಿನ ಕಡೆಯವರು 'ಪರವಾಗಿಲ್ಲ' ಎನ್ನುವ ಜಾಗದಲ್ಲಿ ನಮ್ಮ ಜಮಖಂಡಿ, ವಿಜಯಪುರದ ಕಡೆ ಈ ಮಾತು ಬರುತ್ತದೆ. ಆದರೆ ಎರಡೂ ಒಂದೇ ಅಲ್ಲ. ನಮ್ಮ 'ಹರಕತ್ ಇಲ್ಲ' ಹೌದೂ ಅಲ್ಲ, ಅಲ್ಲವೂ ಅಲ್ಲ. ಎದುರಿಗಿದ್ದವರ ಮನಸ್ಸು ನೋಯಬಾರದು, ಮಾತೂ ಬೆಳೆಯಬಾರದು, ನಮಗೆ ಬೇರೆ ಕೆಲಸವಿದೆ ಎನ್ನುವ ಮೂರೂ ಅದರೊಳಗಿರುತ್ತವೆ. ಮರಾಠಿಯಲ್ಲೂ ಇದೇ ಶಬ್ದ, ಇದೇ ಅರ್ಥ. ಆದರೆ ಮರಾಠಿಗೆ ಸರಕಾರಿ ಕಚೇರಿಯ ಸಹವಾಸ ಆಗಿದೆ. ಅಲ್ಲಿ ಅದು 'ನಾ ಹರಕತ' ಎಂಬ ಪ್ರಮಾಣಪತ್ರವಾಗಿ, ಠಸ್ಸೆ ಹೊಡೆಸಿಕೊಂಡು, ಫೈಲಿನಲ್ಲಿ ಕೂಡುತ್ತದೆ. ಇನ್ನು ಹಿಂದಿಯವರಿಗೆ ಹರಕತ್ ಎಂದರೆ ಕಿತಾಪತಿ. ಪುಣೆಯ ಚಿಂಚವಡದ ನಮ್ಮ ವಿಮಾ ಕಚೇರಿಗೆ ಹೊಸದಾಗಿ ಬಂದ ಒಬ್ಬ ಹಿಂದಿ ಹುಡುಗ ಐದು ನಿಮಿಷ ತಡವಾದದ್ದಕ್ಕೆ ಕ್ಷಮೆ ಕೇಳಿದಾಗ ನಾನು ಉದಾರವಾಗಿ "ಕೋಯಿ ಹರಕತ್ ನಹೀ" ಎಂದೆ. ಪಾಪ, ಯಾವ ಕಿತಾಪತಿಯೂ ಮಾಡಬೇಡ ಎಂದು ತಾಕೀತು ಮಾಡಿದೆನೆಂದುಕೊಂಡು ಅವನು ಆ ದಿನವೆಲ್ಲ ತಲೆ ತಗ್ಗಿಸಿ ಕೂತಿದ್ದ.

ನಾವಿರುವ ಫ್ಲ್ಯಾಟುಗಳ ಸೊಸೈಟಿಯ ಕಮಿಟಿಯಲ್ಲಿ ನಾನು ಸದಸ್ಯೆಯಾದದ್ದೂ ಹೀಗೆಯೇ. ಕಮಿಟಿಯಲ್ಲಿ ಹೆಂಗಸರು ಇರಲೇಬೇಕೆಂಬ ನಿಯಮವಿದೆ. ಯಾರೂ ಮುಂದೆ ಬರಲಿಲ್ಲ. ನಮ್ಮ ಸೆಕ್ರೆಟರಿ ಜೋಶಿ ಕಾಕಾ ಲಿಫ್ಟಿನಲ್ಲಿ ನನ್ನನ್ನು ಹಿಡಿದು, ವಹಿನೀ, ಅಂದರೆ ಅತ್ತಿಗೆ, ನಿಮ್ಮ ಹೆಸರು ಹಾಕಲೇ ಎಂದು ಕೇಳಿದರು. ನನ್ನ ಎರಡೂ ಕೈಯಲ್ಲಿ ತರಕಾರಿ ಚೀಲ. ಬಾಯಿ ತನ್ನ ಕೆಲಸ ತಾನು ಮಾಡಿತು. ಮರುದಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿತ್ತು.

ಇಷ್ಟು ಪೀಠಿಕೆ ಯಾಕೆಂದರೆ, ಈ ಚಾಳಿಯಿಂದ ಹೋದ ವರ್ಷ ಒಂದು ಕಿರಾಣಿ ಅಂಗಡಿ ಮುಳುಗುವುದರಲ್ಲಿತ್ತು.

ನಿಗಡಿಯಲ್ಲಿ ನಮ್ಮ ಸೊಸೈಟಿಯ ಮುಂದೆ ರಸ್ತೆಗೆ ಮುಖ ಮಾಡಿದ ಎರಡು ಮಳಿಗೆಗಳಿವೆ. ಅವು ಯಾರಿಗೂ ಒಗ್ಗಿದ್ದಿಲ್ಲ. ಮೊಬೈಲ್ ರಿಪೇರಿಯವನು ಬಂದು ಹೋದ, ಕೇಕಿನವಳು ಬಂದು ಹೋದಳು, ಮಂಡಿನೋವಿಗೆ ಎಣ್ಣೆ ಮಾರುವವನೊಬ್ಬ ಬಂದು, ತನ್ನ ಮಂಡಿಯನ್ನೇ ನೋಯಿಸಿಕೊಂಡು ಹೋದ. ಯುಗಾದಿಯ ದಿನ ಒಂದು ಮಳಿಗೆಯ ಶಟರಿಗೆ ಮಾವಿನ ತೋರಣ ಕಟ್ಟಿ ಕಿರಾಣಿ ಅಂಗಡಿ ತೆರೆದಾಗ, ಇದಕ್ಕೂ ಆಯುಷ್ಯ ಕಡಿಮೆ ಎಂದು ನಾವು ಮನೆಯ ಗ್ಯಾಲರಿಯಿಂದಲೇ ತೀರ್ಪು ಕೊಟ್ಟೆವು.

ಎರಡನೆಯ ದಿನ ಸಕ್ಕರೆ ತರಲು ಹೋದೆ. ಗಲ್ಲಾದಲ್ಲಿ ಹಣೆಗೆ ವಿಭೂತಿ, ಮೂಗಿಗೆ ದೊಡ್ಡ ನತ್ತು ಇಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಕಾಯ ಪಾಹಿಜೆ ತಾಈ, ಏನು ಬೇಕು ಎಂದು ಮರಾಠಿಯಲ್ಲಿ ಕೇಳಿದಳು. ನಾನೂ ಮರಾಠಿಯಲ್ಲೇ ಹೇಳಿದೆ. ಅವಳ ಮರಾಠಿ ಎಲ್ಲೋ ಎಡವುತ್ತಿದೆ ಎಂದು ನನಗನ್ನಿಸಿತು. ನನ್ನದೂ ಎಡವುತ್ತಿದೆ ಎಂದು ಅವಳಿಗೂ ಅನ್ನಿಸಿರಬೇಕು. ಸಕ್ಕರೆಯಾಯಿತು, ಚಹಾಪುಡಿಯಾಯಿತು, ಹಿಂಗು ಆಯಿತು. ಅಷ್ಟೂ ಹೊತ್ತು ಇಬ್ಬರೂ ಪರಭಾಷೆಯ ಮರ್ಯಾದೆ ಕಾಪಾಡಿದೆವು. ತಿರುಗಿ ಹೊರಡುವಾಗ ನನ್ನ ಕಾಲಿನ ಕಿರುಬೆರಳು ಒಂದು ಡಬ್ಬಿಯ ಅಂಚಿಗೆ ತಾಗಿತು. "ಅಯ್ಯಯ್ಯ, ಸತ್ತೆ ನಮ್ಮವ್ವ!" ಎಂದು ಅರಚಿದೆ. ಗಲ್ಲಾದವಳು ದಡಕ್ಕನೆ ಎದ್ದು ನಿಂತು, "ಅಯ್ಯ, ನೀವು ನಮ್ಮವರೇನ್ರಿ! ಮದ್ಲ ಹೇಳಬಾರದೇನ್ರಿ!" ಎಂದಳು. ಪುಣೆಯಲ್ಲಿ ಕನ್ನಡಿಗರು ಒಬ್ಬರನ್ನೊಬ್ಬರು ಗುರುತಿಸುವುದು ಹೀಗೆಯೇ, ಏನಾದರೂ ಪೆಟ್ಟಾದಾಗ.

ಅವಳ ಹೆಸರು ಮಹಾದೇವಿ, ಗಂಡ ಸಂಗಪ್ಪ. ಇಂಡಿ ತಾಲೂಕಿನವರು. ಸಂಗಪ್ಪ ಮೊದಲು ಒಬ್ಬ ದೊಡ್ಡ ವ್ಯಾಪಾರಿಯ ಗೋದಾಮಿನಲ್ಲಿ ದುಡಿಯುತ್ತಿದ್ದವನು. ಬಹಳ ದಿನದ ಆಸೆಯಿಂದ ಸ್ವಂತ ಅಂಗಡಿ ಹಾಕಿದ್ದ. ಅಲ್ಲಿ ಮಾಲದಂಡಿ ಬಿಳಿಜೋಳ ಸಿಗುತ್ತಿತ್ತು, ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿ ಸಿಗುತ್ತಿತ್ತು, ಕಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಿತ್ತು. ನಮ್ಮ ಕಟ್ಟಡದಲ್ಲಿ ಬಾಡಿಗೆಗಿರುವ ಮಂಡ್ಯದ ಹುಡುಗಿ ಚೈತ್ರಾ, ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸದವಳು, ಒಂದು ದಿನ ಬಂದು "ಹುಚ್ಚೆಳ್ಳು ಇದ್ಯಾ ಆಂಟಿ?" ಎಂದು ಕೇಳಿದಳು. ಮಹಾದೇವಿ ಗಾಬರಿಯಿಂದ, "ಇಲ್ಲವಾ, ನಮ್ಮಲ್ಲಿ ಎಲ್ಲಾ ಚಲೋ ಮಾಲನ ಇರತದ" ಎಂದಳು. ನಾನು ಮಧ್ಯೆ ಬಾಯಿ ಹಾಕಿ, ನೀವು ಗುರೆಳ್ಳು ಎನ್ನುವುದನ್ನೇ ಅವರ ಕಡೆ ಹುಚ್ಚೆಳ್ಳು ಎನ್ನುತ್ತಾರೆಂದು ಹೇಳಿದ ಮೇಲೆ ಇಬ್ಬರೂ ನಕ್ಕು ಸಾಕಾದರು. ಕಚೇರಿಯಿಂದ ಬಂದು, ಏನೂ ಬೇಡದಿದ್ದರೂ ಅಲ್ಲಿ ನಿಂತು ಅರ್ಧ ಗಂಟೆ ಕನ್ನಡ ಮಾತಾಡಿ ಮನೆಗೆ ಹೋಗುವುದು ನನ್ನ ರೂಢಿಯಾಯಿತು. ಆ ಅಂಗಡಿ ನನಗೆ ಅಷ್ಟು ಬೇಕಾಗಿತ್ತು ಎಂದು ಈಗ ಸಂಕೋಚವಿಲ್ಲದೆ ಹೇಳುತ್ತೇನೆ.

ಆದರೆ ಬರೀ ಮಾತಿನಿಂದ ಅಂಗಡಿ ನಡೆಯುತ್ತದೆಯೇ? ಸೊಸೈಟಿಯ ಗೇಟಿನಲ್ಲಿ ಬಣ್ಣಬಣ್ಣದ ಅಂಗಿ ತೊಟ್ಟ ಹುಡುಗರು ಬೈಕಿನ ಮೇಲೆ ಬಂದು ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಪೊರಕೆಯವರೆಗೆ ಎಲ್ಲವನ್ನೂ ಮನೆಬಾಗಿಲಿಗೆ ಮುಟ್ಟಿಸುತ್ತಿದ್ದರು. ಸಂಗಪ್ಪ ಕಟ್ಟೆಯ ಮೇಲೆ ಕೂತು ಅವರನ್ನು ನೋಡುತ್ತಿದ್ದ. ಅವನ ಅಂಗಡಿಗೆ ಜನ ಬರುವುದು ಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿದಾಗ ಮಾತ್ರ. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಮುಖ ಒಣಗಿಹೋಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಬಸ್ಸಿಗೆ ಓಡುತ್ತಿದ್ದೆ. ಸಂಗಪ್ಪ ಅಡ್ಡ ಬಂದು ಕೈಮುಗಿದ. "ಅಕ್ಕಾರ, ಬಾಜೂಕಿನ ಮಳಗೀನೂ ನಾನ ತಗೊಂಡು ಒಂದ್ ಸಣ್ಣ ಬಿಯರ್ ಶಾಪಿ ಹಾಕಬೇಕಂತ ಮಾಡೀನ್ರಿ. ಕಿರಾಣಿ ಒಂದರ ಮ್ಯಾಲೆ ನಡಿಯೂದಿಲ್ಲ. ಸೊಸೈಟಿದು ಒಪ್ಪಿಗಿ ಬೇಕಂತ. ನೀವು ಕಮಿಟಿದಾಗ ಇದ್ದೀರಿ, ನಿಮ್ದೇನರ ಹರಕತ್ ಅದ ಏನ್ರಿ?"

ಬಸ್ಸು ಸಿಗ್ನಲ್ ದಾಟಿ ಬರುತ್ತಿತ್ತು. ನಾನು ಏನೆಂದೆನೆಂದು ಬೇರೆ ಹೇಳಬೇಕಾಗಿಲ್ಲ.

ಸಂಜೆ ಮನೆಗೆ ಬರುವಷ್ಟರಲ್ಲಿ ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಜೋಶಿ ಕಾಕಾ ಮರಾಠಿಯಲ್ಲಿ ಹಾಕಿದ್ದರು: ಬಿಯರ್ ಅಂಗಡಿಯ ವಿಷಯ ಮುಂದಿನ ಸಭೆಗೆ ಬರುತ್ತದೆ, ಮಹಿಳಾ ಸದಸ್ಯೆಯವರದು ಈಗಾಗಲೇ ನಾ ಹರಕತ ಇದೆ. ನನ್ನ ಬಾಯಿಚಾಳಿಯ ಮಾತು ಠಸ್ಸೆ ಹೊಡೆಸಿಕೊಂಡು ಬಂದುಬಿಟ್ಟಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಸಂಗಪ್ಪ ಆ ಮಾತನ್ನು ನಂಬಿ ಒಂದು ದೊಡ್ಡ ಗಾಜಿನ ಬಾಗಿಲಿನ ಫ್ರಿಜ್ ತರಿಸಿದ್ದ. ಅದು ಅಂಗಡಿಯ ಮುಂದೆ ಥರ್ಮೋಕೋಲಿನ ಸಮೇತ ನಿಂತಿತ್ತು. ನನ್ನನ್ನು ಕಂಡವನೇ, "ಅಕ್ಕಾರ ಒಪ್ಯಾರಂದ್ರ ಮುಗೀತು" ಎಂದು ಅದರ ಬೆನ್ನು ತಟ್ಟಿದ.

ನಮ್ಮವರಿಗೆ ಈ ಸುದ್ದಿ ಹೇಳಿದಾಗ ಅವರು ನನಗಿಂತ ಹೆಚ್ಚು ಬೆವರಿದರು. ಅದಕ್ಕೆ ಕಾರಣವಿದೆ. ನಮ್ಮವರು ರಾಂಜಣಗಾಂವದ ಕಾರಖಾನೆಯಲ್ಲಿ ಸೂಪರ್‌ವೈಜರ್. ವಾರವಿಡೀ ಕಂಪನಿ ಬಸ್ಸಿನಲ್ಲಿ ಹೋಗಿಬಂದು ಹಣ್ಣಾದ ಆ ಸಾಧು ಪ್ರಾಣಿ ಶನಿವಾರ ಸಂಜೆ 'ವಾಕಿಂಗ್' ಹೋಗುತ್ತಾರೆ. ವಾಕಿಂಗ್ ಪಕ್ಕದ ಬಡಾವಣೆ ಆಕುರ್ಡಿಯವರೆಗೆ ಇರುತ್ತದೆ. ಬರುವಾಗ ಕಪ್ಪು ಚೀಲದಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಇರುತ್ತದೆ. ಅನಂತರ ಅವರು ಗ್ಯಾಲರಿಯಲ್ಲಿ ಕೂತು ಸ್ಟೀಲ್ ಲೋಟದಲ್ಲಿ 'ನೀರು' ಕುಡಿಯುತ್ತಾರೆ. ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ. ಅವರು ಹಾಗೆ ತಿಳಿದಿರುವುದು ಗೊತ್ತಿಲ್ಲವೆಂಬಂತೆ ನಾನಿದ್ದೇನೆ. ನಮ್ಮ ಸಂಸಾರ ಈ ಏರ್ಪಾಡಿನ ಮೇಲೆ ಸುಖವಾಗಿಯೇ ನಡೆದಿತ್ತು.

ಮದ್ಯದ ವಿಷಯದಲ್ಲಿ ಈ ರಾಜ್ಯವೂ ಹೆಚ್ಚುಕಡಿಮೆ ನಮ್ಮ ಮನೆಯ ಹಾಗೆಯೇ ನಡೆಯುತ್ತದೆ. ಆ ವಾರ ಜೋಶಿ ಕಾಕಾ ನನಗೆ ನಿಯಮಗಳ ಪಾಠ ಮಾಡಿದರು. ಇಲ್ಲಿ ಮಾರುವುದಕ್ಕೆ ಮಾತ್ರವಲ್ಲ, ಕುಡಿಯುವುದಕ್ಕೂ ಪರವಾನಗಿ ಬೇಕಂತೆ. ಅದನ್ನು ಕೊಡುವುದು ಆರೋಗ್ಯ ಕಾಪಾಡಿಕೊಳ್ಳುವ ಸಲುವಾಗಿ ಎಂಬ ಒಕ್ಕಣೆ ಇರುತ್ತದಂತೆ. ಕಾಕಾ ಇದನ್ನು ನಗದೆ ಹೇಳಿದರು, ನಾನು ನಗುತ್ತ ಕೇಳಿದೆ. ಶಾಲೆಯಿಂದ ಇಷ್ಟು, ದೇವಸ್ಥಾನದಿಂದ ಇಷ್ಟು ದೂರವಿರಬೇಕು. ನಮ್ಮ ಓಣಿಯ ಮೂಲೆಯಲ್ಲಿ ಔದುಂಬರ ಗಿಡದ ಕೆಳಗೆ ಒಂದು ಪುಟ್ಟ ದತ್ತನ ಗುಡಿ ಇದೆಯಲ್ಲ ಎಂದೆ. ಕಾಕಾ ತಲೆ ಅಲ್ಲಾಡಿಸಿ, ಅದು ನೋಂದಣಿಯಾಗಿಲ್ಲ ಎಂದರು. ಗಿಡದ ಕೆಳಗೆ ಅಷ್ಟು ವರ್ಷದಿಂದ ಮೂರು ಮುಖದಲ್ಲಿ ಎಲ್ಲವನ್ನೂ ನೋಡುತ್ತ ನಿಂತಿರುವ ದತ್ತಗುರು ಕಾಗದಪತ್ರದ ಕೊರತೆಯಿಂದಾಗಿ ಲೆಕ್ಕಕ್ಕಿಲ್ಲ. ಇನ್ನು ಡ್ರೈ ಡೇ ಎಂಬುದೊಂದಿದೆ. ಆ ದಿನ ಅಂಗಡಿ ಮುಚ್ಚಿರುವುದರಿಂದ ಹಿಂದಿನ ಸಂಜೆಯೇ ಅಲ್ಲಿ ಜಾತ್ರೆ ಸೇರಿರುತ್ತದೆ.

ಎಲ್ಲಕ್ಕಿಂತ ನನಗೆ ಇಷ್ಟವಾದ ನಿಯಮ ಬಾಟ್ಲಿಯ ಮತದಾನದ್ದು. ಊರಿನ ಹೆಂಗಸರು ದಾರೂ ಅಂಗಡಿ ಬೇಡವೆಂದು ಅರ್ಜಿ ಕೊಟ್ಟರೆ ಮತದಾನ ನಡೆಸುತ್ತಾರೆ. ಮತಪತ್ರದಲ್ಲಿ ಎರಡು ಚಿತ್ರ: ನಿಂತ ಬಾಟ್ಲಿ, ಮಲಗಿದ ಬಾಟ್ಲಿ. ನಿಂತದ್ದಕ್ಕೆ ಗುರುತು ಹಾಕಿದರೆ ಅಂಗಡಿ ಇರಲಿ ಎಂದು, ಮಲಗಿದ್ದಕ್ಕೆ ಹಾಕಿದರೆ ಹೋಗಲಿ ಎಂದು. ಮರಾಠಿಯಲ್ಲಿ ಇವಕ್ಕೆ 'ಉಭೀ ಬಾಟ್ಲಿ', 'ಆಡವೀ ಬಾಟ್ಲಿ' ಎನ್ನುತ್ತಾರೆ. ನಾನು ಪುಣೆಗೆ ಹೊಸದಾಗಿ ಬಂದಾಗ ನಮ್ಮ ಕೆಲಸದ ಮಾವಶಿ, ಬಾರಾಮತಿ ಕಡೆಯ ಹಳ್ಳಿಯವಳು, ತನ್ನೂರಿನಲ್ಲಿ ಹೆಂಗಸರೆಲ್ಲ ಸೇರಿ ಆಡವೀ ಬಾಟ್ಲಿಗೆ ಮತ ಹಾಕಿದೆವೆಂದು ಹೆಮ್ಮೆಯಿಂದ ಹೇಳಿದ್ದಳು. ನಾನು ಅದನ್ನು ಅಡವಿ ಎಂದು ಕೇಳಿಸಿಕೊಂಡೆ. ಬಾಟ್ಲಿಯನ್ನು ಅಡವಿಗೆ ಅಟ್ಟಿದರು, ವನವಾಸ ಕೊಟ್ಟರು, ಎಂಥ ಜಾಣ ಹೆಂಗಸರು ಎಂದು ನಮ್ಮವರ ಮುಂದೆ ಹೊಗಳಿದೆ. ಅವರು ತಿದ್ದಲಿಲ್ಲ. ವರ್ಷಗಟ್ಟಲೆ ನಾನು ಕಂಡಕಂಡವರಿಗೆ ಅಡವಿಯ ಬಾಟ್ಲಿಯ ಕಥೆ ಹೇಳಿಕೊಂಡು ತಿರುಗಿದೆ.

ಸಭೆಗೆ ಎರಡು ದಿನ ಮೊದಲು ಮಹಾದೇವಿ ಒಂದು ಡಬ್ಬಿ ಸಿಹಿ ಮಾದಲಿ ಹಿಡಿದು ನಮ್ಮ ಮನೆಗೆ ಬಂದಳು. ಬಂದವಳು ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಚುಂಗು ಸುತ್ತುತ್ತ, "ಅಕ್ಕಾರ, ಈ ಬಾಟ್ಲಿ ದಂಧೆ ನನಗ ಬ್ಯಾಡ್ರಿ" ಎಂದಳು.

"ಮತ್ತ ಸಂಗಪ್ಪಗ ಹೇಳಬೇಕಿಲ್ಲ?"

"ಹೇಳಿ ನೋಡೀನ್ರಿ. 'ಅಂಗಡಿ ಮುಚ್ಚಿ ಇಂಡಿಗೆ ಹೋಗೂಣು, ಗಂಟು ಕಟ್ಟು' ಅಂತಾರ. ಅದಕ್ಕ ನಾ ಏನ್ ಅನ್ಲಿ? ಹೋಗೂದು ನನಗೂ ಬ್ಯಾಡ. ಆದ್ರ ಅವರು ಮಾಲು ತರಾಕ ಮಾರ್ಕೆಟ್ಟಿಗೆ ಹೋಗ್ತಾರ. ಗಲ್ಲಾದ ಮ್ಯಾಲೆ ಕೂಡಾಕಿ ನಾನು. ಕೈ ಎತ್ತಿ ಕೊಡಾಕಿ ನಾನು. ಅದು ನನ್ನ ಕಡೆ ಆಗೂದಿಲ್ರಿ."

ಕೊರಳಲ್ಲಿ ಲಿಂಗವಿದೆ, ಅದಕ್ಕಿರಬೇಕು ಎಂದುಕೊಂಡೆ. ತವರಿನಲ್ಲಿ ಯಾರಾದರೂ ಕುಡುಕರಿದ್ದರೇ ಎಂದೂ ಅನ್ನಿಸಿತು. ಕೇಳಿದೆ. "ಅಂಥಾದ್ದೇನಿಲ್ರಿ. ಹೇಳಾಕ ಬರೂದಿಲ್ಲ ನನಗ" ಎಂದಳು. ಆಮೇಲೆ ಮಾದಲಿಯ ಡಬ್ಬಿಯನ್ನು ನನ್ನ ಕಡೆ ಸರಿಸಿ, "ಸಭಾದಾಗ ನೀವು ಹರಕತ್ ಅದ ಅಂದುಬಿಡ್ರಿ. ನಿಮ್ಮ ಮಾತ ಅವರು ತೆಗದ ಹಾಕೂದಿಲ್ಲ. ನಾ ಬಂದು ಹೇಳೀನಂತ ಮಾತ್ರ ಗೊತ್ತಾಗಬಾರದ್ರಿ" ಎಂದಳು.

"ಹರಕತ್ ಇಲ್ಲ, ಹೇಳ್ತೀನಿ" ಎಂದೆ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅಷ್ಟು ದುಗುಡದಲ್ಲೂ ಇಬ್ಬರಿಗೂ ನಗು ತಡೆಯಲಿಲ್ಲ.

ನಗು ನಿಂತ ಮೇಲೆ ನನಗೆ ಚಿಂತೆ ಹತ್ತಿತು. ಹೌದೆಂದರೆ ಮಹಾದೇವಿಗೆ ಆ ಗಲ್ಲಾದಲ್ಲಿ ಕೂಡುವುದೇ ಬೇಡವಾಗುತ್ತದೆ. ಬೇಡವೆಂದರೆ ಅಂಗಡಿಯೇ ಮುಚ್ಚಬಹುದು. ಎರಡರಲ್ಲಿ ಯಾವುದಾದರೂ ನಾನು ಅವಳನ್ನು ಕಳೆದುಕೊಳ್ಳುತ್ತೇನೆ. ಮೇಲಾಗಿ ಸಂಗಪ್ಪನಿಗೆ ಕಾರಣ ಹೇಳುವ ಹಾಗಿಲ್ಲ. ಆ ಫ್ರಿಜ್ಜಿನ ಮುಂದೆ ಹಾದುಹೋಗುವಾಗ ನಾನು ಫೋನು ಬಂದವಳ ಹಾಗೆ ಕಿವಿಗೆ ಹಿಡಿದುಕೊಂಡು ದಾಟುತ್ತಿದ್ದೆ.

ರವಿವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಕೂಡಿತು. ಸಂಗಪ್ಪ ಒಗೆದ ಅಂಗಿ ತೊಟ್ಟು ಒಂದು ಕಂಬಕ್ಕೆ ಒರಗಿ ನಿಂತಿದ್ದ. ಯಾರು ಯಾರು ವಿರೋಧಿಸುತ್ತಾರೋ ಎಂದು ನೋಡುತ್ತ ಕೂತೆ. ಓದುಗರೇ, ಆ ದಿನ ನನಗೆ ಕಂಡದ್ದನ್ನು ನಿಮ್ಮ ಕಿವಿಯಲ್ಲಿ ಹೇಳುತ್ತೇನೆ. ಎಂದೂ ಕುಡಿಯದವರು ಯಾರೂ ಗಟ್ಟಿಯಾಗಿ ವಿರೋಧಿಸಲಿಲ್ಲ. ಸುಪಾರಿಯ ಚೂರನ್ನೂ ಬಾಯಿಗೆ ಹಾಕದ ಜೋಶಿ ಕಾಕಾ, ಕಾಯದೆಗೆ ಹೊಂದುವುದಾದರೆ ನನಗೇನು ಎಂಬಂತಿದ್ದರು. ಮೊದಲು ಎದ್ದು ನಿಂತವರು ಸಿ ವಿಂಗಿನ ರಾಣೆ ಸಾಹೇಬರು. ಅವರ ಕಾರು ಗೇಟಿನ ಸ್ಪೀಡ್ ಬ್ರೇಕರ್ ಹತ್ತಿಳಿಯುವಾಗ ಡಿಕ್ಕಿಯಿಂದ ಗಾಜಿನ ಸಂಗೀತ ಕೇಳಿಸುವುದು ಇಡೀ ಸೊಸೈಟಿಗೆ ಗೊತ್ತು. ಅವರು ಸಂಸ್ಕಾರದ ಬಗ್ಗೆ ಮಾತಾಡಿದರು. ಅವರ ಹಿಂದೆ ಅವರಂಥವರೇ ಇನ್ನೂ ನಾಲ್ಕಾರು ಜನ ಎದ್ದರು. ಕೊನೆಗೆ ಎದ್ದವರನ್ನು ನೋಡಿ ನನಗೆ ಕುರ್ಚಿಯಿಂದ ಬೀಳುವಂತಾಯಿತು. ನಮ್ಮವರು! ಮದುವೆಯಾದ ಮೇಲೆ ನಾಲ್ಕು ಜನರ ಮುಂದೆ ಬಾಯಿ ತೆರೆಯದ ಮನುಷ್ಯ ಸ್ವಚ್ಛ ಮರಾಠಿಯಲ್ಲಿ ಮಕ್ಕಳ ಭವಿಷ್ಯದ ಮೇಲೆ ಭಾಷಣ ಮಾಡಿದರು. ಚಪ್ಪಾಳೆಯೂ ಬಿತ್ತು.

ಹಿಂದೆ ನಿಂತಿದ್ದ ಚೈತ್ರಾಳನ್ನು, ನಿಮ್ಮಂಥ ಹುಡುಗ ಹುಡುಗಿಯರಿಗೇನಾದರೂ ಅಡ್ಡಿಯಿದೆಯೇ ಎಂದು ಪಿಸುಗುಟ್ಟಿ ಕೇಳಿದೆ. "ಪ್ರಾಬ್ಲಮ್ ಏನಿಲ್ಲ ಆಂಟಿ. ಬಟ್ ಮನೆ ಕೆಳಗೇನೇ ತಗೊಂಡ್ರೆ ಓನರ್‌ಗೆ ಗೊತ್ತಾಗೋಗುತ್ತಲ್ಲ" ಎಂದಳು. ಇಡೀ ಸಭೆಯ ಮನಸ್ಸನ್ನು ಆ ಹುಡುಗಿ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಇವರಿಗೆಲ್ಲ ಬಾಟ್ಲಿ ಬೇಡವಾಗಿರಲಿಲ್ಲ. ದಿನಾ ಬೇಳೆ ಕೊಳ್ಳುವ ಕಡೆ ಅದನ್ನು ಕೊಳ್ಳುವುದು ಬೇಡವಾಗಿತ್ತು.

ಸಂಗಪ್ಪನಿಗೆ ತಡೆಯಲಾಗಲಿಲ್ಲ. ಕಂಬ ಬಿಟ್ಟು ಮುಂದೆ ಬಂದ. "ಅಕ್ಕಾರ ಹರಕತ್ ಇಲ್ಲಂದಾರ್ರಿ! ಅವರ ಮಾತಿನ ಮ್ಯಾಲೆ ಫ್ರಿಜ್ ತರಿಸೀನಿ ನಾ!" ಎಂದು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದ. ಜೋಶಿ ಕಾಕಾ ನನ್ನ ಕಡೆ ತಿರುಗಿ, ವಹಿನೀ, ತುಮಚೀ ಹರಕತ ನಾಹೀ ನಾ, ನಿಮ್ಮ ವಿರೋಧವಿಲ್ಲ ತಾನೇ ಎಂದು ಕೇಳಿದರು. ಪೆನ್ನು ಹಿಡಿದು ಕಾಯುತ್ತಿದ್ದರು.

ನಾನು ಎದ್ದೆ. ನಾಲಿಗೆಯ ತುದಿಗೆ ಹಳೆಯ ಮಾತೇ ಬಂದು ಕೂತಿತ್ತು. ಅದನ್ನು ನುಂಗಿಕೊಂಡು, ಕಾಕಾ, ನಮ್ಮ ಕಡೆ ಹರಕತ್ ಇಲ್ಲ ಎಂದರೆ ಒಪ್ಪಿಗೆ ಎಂದಲ್ಲ, ಬಸ್ಸು ಬಂತು, ದಾರಿ ಬಿಡಿ ಎಂದು ಅರ್ಥ ಎಂದೆ. ಎಲ್ಲರೂ ನಕ್ಕರು. ಸಂಗಪ್ಪ ನಗಲಿಲ್ಲ. ಅವನನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದೆ. "ಸಂಗಪ್ಪ, ನಂದು ಹರಕತ್ ಅದಪಾ. ಯಾಕ ಅಂತ ಕೇಳಬ್ಯಾಡ. ಬಿಯರ್ ಶಾಪಿ ಬ್ಯಾಡ." ಅವನು ನನ್ನನ್ನು ಒಂದು ಗಳಿಗೆ ನೋಡಿ ಅಂಗಡಿಯ ಕಡೆ ಹೋಗಿಬಿಟ್ಟ. ಪ್ರಸ್ತಾಪ ಬಿದ್ದುಹೋಯಿತು. ರಾಣೆ ಸಾಹೇಬರ ಗುಂಪು ಬಂದು ನನ್ನನ್ನು ಅಭಿನಂದಿಸಿತು. ಅಷ್ಟು ಕೆಟ್ಟದೆನ್ನಿಸಿದ್ದು ನನಗೆ ಬಹಳ ದಿನಗಳ ಮೇಲೆ.

ಮರುದಿನದಿಂದ ಸಂಗಪ್ಪ ನನ್ನನ್ನು "ಮೇಡಂ" ಎಂದು ಕರೆಯತೊಡಗಿದ. ಜೋಳ ಬೇಕೇ ಮೇಡಂ, ಚೀಲ ತಂದಿದ್ದೀರಾ ಮೇಡಂ. ಅದೂ ಮರಾಠಿಯಲ್ಲಿ. ಕನ್ನಡ ಅಂಗಡಿಯಲ್ಲಿ ಮರಾಠಿಯಲ್ಲಿ ಮರ್ಯಾದೆ ಮಾಡಿಸಿಕೊಳ್ಳುವುದು ಎಂಥ ಶಿಕ್ಷೆ ಎಂಬುದು ಅನುಭವಿಸಿದವರಿಗೇ ಗೊತ್ತು. ಮಹಾದೇವಿ ಗಂಡನ ಹಿಂದಿನಿಂದ ಕಣ್ಣಲ್ಲೇ ಸಮಾಧಾನ ಹೇಳುತ್ತಿದ್ದಳು. ನಾನು ಒಂದು ಕಿಲೋ ಕೊಳ್ಳುವಲ್ಲಿ ಎರಡು ಕಿಲೋ ಕೊಂಡು, ಹುಳ ಹಿಡಿಸಿ, ಪಕ್ಷಿಗಳಿಗೆ ಹಾಕಿದೆ.

ಖಾಲಿ ಫ್ರಿಜ್ ಹಾಗೆಯೇ ನಿಂತಿತ್ತು. ಅದಕ್ಕೆ ಒಂದು ಗತಿ ಕಾಣಿಸಿದವಳು ಮಹಾದೇವಿ. ಒಂದು ದಿನ ನೋಡಿದರೆ ಅದರೊಳಗೆ ಸೋಡಾ, ಲಿಂಬೆಹಣ್ಣು, ಮಜ್ಜಿಗೆ, ಮಂಜುಗಡ್ಡೆಯ ಚೀಲಗಳು. ಮೇಲೆ ಸಾಲಾಗಿ ತೂಗುಬಿಟ್ಟ ಮಸಾಲಿ ಶೇಂಗಾದ ಪಾಕೀಟುಗಳು. ಆ ಶೇಂಗಾವನ್ನು ಅವಳೇ ಹುರಿಯುತ್ತಿದ್ದಳು, ಬ್ಯಾಡಗಿ ಖಾರ, ಕರಿಬೇವು, ಬೆಳ್ಳುಳ್ಳಿ ಹಾಕಿ. ಇಷ್ಟಕ್ಕೆ ಯಾವ ಪರವಾನಗಿಯೂ ಬೇಕಾಗಲಿಲ್ಲ, ದತ್ತಗುರುವಿನಿಂದ ದೂರ ಅಳೆಯಬೇಕಾಗಲಿಲ್ಲ. ಸಂಜೆ ಆರರ ಮೇಲೆ ಅಂಗಡಿಯ ಮುಂದೆ ಗಂಡಸರ ಓಡಾಟ ಶುರುವಾಯಿತು. ಶುಕ್ರವಾರ, ಶನಿವಾರವಂತೂ ಸಂಗಪ್ಪನಿಗೆ ಕೂಡಲು ಪುರಸೊತ್ತಿರಲಿಲ್ಲ. ಬಂದವರು ಬರೀ ಸೋಡಾ ಒಯ್ದರೆ ಹೆಂಡತಿ ಏನೆಂದುಕೊಂಡಾಳೆಂದು ಜೊತೆಗೆ ಬೇಳೆ, ಸಾಬೂನು, ಗೋಧಿಹಿಟ್ಟನ್ನೂ ಒಯ್ಯುತ್ತಿದ್ದರು. ದೀಪಾವಳಿಯ ಹೊತ್ತಿಗೆ ಸಂಗಪ್ಪನ ಮುಖಕ್ಕೆ ಮೊದಲಿನ ಕಳೆ ಬಂತು. ನನಗೂ ಕನ್ನಡ ವಾಪಸು ಸಿಕ್ಕಿತು. "ಇದು ಮದ್ಲ ತಲಿಗೆ ಹೊಳೀಬೇಕಿತ್ತು ನೋಡ್ರಿ ಅಕ್ಕಾರ. ಲೈಸನ್ಸಿನ ಬೆನ್ನ ಹತ್ತಿ ಸುಮ್ನ ನಿಮ್ಮ ಮ್ಯಾಲೆ ಸಿಟ್ಟಾದೆ" ಎಂದು ಅವನೇ ನಕ್ಕ.

ಹೋದ ತಿಂಗಳು ಅಕ್ಕನ ಮಕ್ಕಳು ಬರುವವರಿದ್ದರು. ಚುರುಮುರಿ ಕಲಸಬೇಕೆಂದು ಶುಕ್ರವಾರ ಸಂಜೆ ಅಂಗಡಿಗೆ ಹೋಗಿ ಒಂದು ಪಾಕೀಟು ಮಸಾಲಿ ಶೇಂಗಾ ಕೇಳಿದೆ. ಮಹಾದೇವಿ ಕೈ ಎತ್ತಿ ಪಾಕೀಟು ಹರಿಯುತ್ತ, ತನ್ನಷ್ಟಕ್ಕೇ ಎಂಬಂತೆ, "ಇವತ್ತ ಶನಿವಾರ ಅಲ್ಲಲ್ರಿ, ಅಕ್ಕಾರ?" ಎಂದಳು.

ಎಂದವಳೇ ನಾಲಿಗೆ ಕಚ್ಚಿಕೊಂಡಳು. ಅವಳ ಮುಖ ಕೆಂಪಾಯಿತು. ನಾನು ಲಿಂಬೆಹಣ್ಣು ಆರಿಸುವವಳಂತೆ ಬುಟ್ಟಿಗೆ ಕೈ ಹಾಕಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಎಷ್ಟ ದಿನದಿಂದ ಗೊತ್ತದ?" ಎಂದೆ.

"ನನಗೇನು ಗೊತ್ತಿಲ್ರಿ. ಶೇಂಗಾ ಮಾರೂದಷ್ಟ ನನಗ ಗೊತ್ತು" ಎಂದಳು. ಆಮೇಲೆ ಮೆಲ್ಲಗೆ, "ಅದಕ್ಕ ನಾ ಬ್ಯಾಡ ಅಂದಿದ್ದು, ಅಕ್ಕಾರ. ಶೇಂಗಾ ಕೊಟ್ರ ಯಾರ ಮನ್ಯಾಗ ಏನ ನಡಿತದ ಅಂತ ನನಗ ಗೊತ್ತಿಲ್ಲದಾಂಗ ಇರಾಕ ಬರತದ. ಬಾಟ್ಲಿ ಕೊಟ್ರ ಹ್ಯಾಂಗ ಇರಲಿ? ಸಂಜಿಕ ನಿಮ್ಮ ಸಾಹೇಬ್ರು ಬರತಾರ, ಮುಂಜಾನೆ ಹಾಲಿಗೆ ನೀವು ಬರತೀರಿ. ರಾಣೆ ಬಾಯಾರು ಬರತಾರ. ಎಲ್ಲಾರೂ ನನ್ನ ಮುಂದ ನಿಂತು ಮಾತಾಡತೀರಿ. ಬಾಟ್ಲಿ ಮಾರಿ ನಿಮ್ಮ ಮಾರಿ ಹ್ಯಾಂಗ ನೋಡ್ಲಿರಿ?" ಎಂದಳು.

ಇವಳ ಕೊರಳ ಲಿಂಗವನ್ನೂ, ಇಲ್ಲದ ಕುಡುಕ ತವರನ್ನೂ ಊಹಿಸಿಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವಳು ಕಾಪಾಡಿಕೊಂಡದ್ದು ನಮ್ಮನ್ನೇ. ಪಾಕೀಟು ಕೈಗೆ ತೆಗೆದುಕೊಂಡು ಹೊರಟೆ. ಹಿಂದಿನಿಂದ ಅವಳು, "ಎರಡ ಒಯ್ರಿ ಅಕ್ಕಾರ, ನಾಳಿಗೂ ಆಗತದ" ಎಂದಳು. ಎರಡು ಒಯ್ದೆ.

ಮರುದಿನ ಸಂಜೆ ನಮ್ಮವರು ವಾಕಿಂಗ್ ಮುಗಿಸಿ ಬಂದು ಗ್ಯಾಲರಿಯಲ್ಲಿ ಸ್ಟೀಲ್ ಲೋಟ ಹಿಡಿದು ಕೂತಾಗ, ನನಗೆ ಏನು ತೋಚಿತೋ, ಶೇಂಗಾವನ್ನು ತಟ್ಟೆಗೆ ಸುರುವಿ ಅವರ ಮುಂದಿಟ್ಟೆ. ಅವರು ತಟ್ಟೆ ನೋಡಿದರು, ಲೋಟ ನೋಡಿದರು, ಬಹಳ ಹೊತ್ತು ರಸ್ತೆಯ ಕಡೆ ನೋಡಿದರು. ಒಂದು ದೊಡ್ಡ ಮಾತು ಬರುತ್ತದೆಂದು ಸೆರಗು ಹಿಡಿದು ನಿಂತೆ. ಅವರು ಒಂದು ಶೇಂಗಾ ಬಾಯಿಗೆ ಹಾಕಿಕೊಂಡು, "ಮ್ಯಾಲಷ್ಟ ಉಳ್ಳಾಗಡ್ಡಿ ಹೆಚ್ಚಿ ಹಾಕಬೇಕಿತ್ತು" ಎಂದರು.

ಗೊತ್ತಿಲ್ಲದ ಹಾಗೆ ಇರುವುದರಲ್ಲಿ ಎಷ್ಟು ಸುಖವಿತ್ತೆಂದು ಮಹಾದೇವಿಗೆ ಮೊದಲೇ ತಿಳಿದಿತ್ತು. ನಾನೀಗ ಪ್ರತಿ ಶನಿವಾರ ಉಳ್ಳಾಗಡ್ಡಿ ಹೆಚ್ಚುತ್ತೇನೆ.